ಎರಡನೆಯ ಚೀಟಿ

ಟೀಚರಮ್ಮ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಹಿಂದೂಪುರದ ಮಾರ್ಕೆಟ್ಟಿನಲ್ಲಿ, ವೀಳ್ಯದೆಲೆ ಮಾರುವವಳ ಬಾಯಿಂದ. ಅಂದು ಶನಿವಾರ. ಆಂಜನೇಯನಿಗೆ ಹಾರ ಕಟ್ಟಲು ಎಲೆ ಆರಿಸುತ್ತ ಕೂತಿದ್ದೆ. ಅವಳು ಕಟ್ಟು ಬಿಚ್ಚುತ್ತಲೇ, ನಿಮ್ಮ ಟೀಚರಮ್ಮ ಗುರುವಾರ ಬೆಳಿಗ್ಗೆ ಹೋಗಿಬಿಟ್ಟರಂತೆ, ನಿದ್ದೆಯಲ್ಲೇ ಅಂತೆ, ಎಂದಳು. ಹರಿದ ಎಲೆ ಯಾವುದು, ಒಳ್ಳೆಯ ಎಲೆ ಯಾವುದು ನೋಡದೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದೆ.

ದಿನವೂ ಸಂಜೆ ದೇವರು ಮಾಡಿದ ಉಪಕಾರಗಳನ್ನು ನೆನೆಯುವ ಅಭ್ಯಾಸ ನನ್ನದು. ದೊಡ್ಡವೇನಲ್ಲ. ಹಾಲು ಒಡೆಯಲಿಲ್ಲ, ಮಗಳ ಜ್ವರ ಇಳಿಯಿತು, ಹಗ್ಗ ಹರಿದರೂ ಕೊಡ ಬಾವಿಗೆ ಬೀಳಲಿಲ್ಲ, ಇಂಥವು. ಅಂದು ದೀಪ ಹಚ್ಚಿ ಕೂತಾಗ, ಟೀಚರಮ್ಮ ನಿದ್ದೆಯಲ್ಲೇ ಹೋದರಲ್ಲ, ಯಾರನ್ನೂ ಒಂದು ಲೋಟ ನೀರು ಕೇಳುವ ಹೊತ್ತು ಬರಲಿಲ್ಲವಲ್ಲ ಎಂಬುದನ್ನೂ ಅವುಗಳ ಜೊತೆ ಸೇರಿಸಿದೆ. ನೀರು ಕೇಳುವುದೆಂದರೆ ಅವರಿಗೆ ಎಷ್ಟು ಸಂಕಟ ಎಂದು ನನಗೆ ಗೊತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಕೇಳಲು ಅವರಿಲ್ಲ. ಕೇಳದೆ ಬರೆಯುವುದು ಸರಿಯಲ್ಲ. ಕಲ್ಯಾಣದುರ್ಗದ ಕಡೆ ನಮ್ಮ ಹಳ್ಳಿಯಲ್ಲಿ ಆರೇಳು ವರ್ಷ, ಆಮೇಲೆ ಹಿಂದೂಪುರದಲ್ಲಿ ಕೊನೆಯವರೆಗೆ, ಎಲ್ಲರೂ ಅವರನ್ನು ಟೀಚರಮ್ಮ ಎಂದೇ ಕರೆದರು. ನನಗೂ ಅಷ್ಟೇ ಸಾಕು.

ಅವರು ಕುಳ್ಳಗಿದ್ದರು. ಸೀರೆಯನ್ನು ಒಂದು ಗೇಣು ಮೇಲಕ್ಕೇ ಉಡುತ್ತಿದ್ದರು, ನಡಿಗೆಗೆ ಅಡ್ಡ ಬರಬಾರದೆಂದು. ಬಲಗೈ ಉಗುರುಗಳ ಸಂದಿಯಲ್ಲಿ ಸೀಮೆಸುಣ್ಣದ ಪುಡಿ ಯಾವಾಗಲೂ ಇರುತ್ತಿತ್ತು, ಭಾನುವಾರವೂ ಇರುತ್ತಿತ್ತು. ಮಕ್ಕಳಿಗೆ ಪಾಠ ಹೇಳಿ "ಗೊತ್ತಾಯ್ತಾ?" ಎಂದು ಕೇಳಿದವರೇ ಅಲ್ಲ. "ಎಲ್ಲಿ ತಪ್ಪೋಯ್ತು ಹೇಳು," ಎನ್ನುತ್ತಿದ್ದರು. ಸ್ಲೇಟಿನ ಮೇಲೆ ತಪ್ಪು ಬರೆದ ಮಗು ಗಾಬರಿಯಿಂದ ಉಗುಳು ಹಚ್ಚಿ ಅಳಿಸಲು ಹೋದರೆ ಕೈ ಹಿಡಿದುಕೊಳ್ಳುತ್ತಿದ್ದರು. ಅಳಿಸಬೇಡ, ಮೊದಲು ಅದನ್ನು ಚೆನ್ನಾಗಿ ನೋಡಿಕೋ, ಇಲ್ಲದಿದ್ದರೆ ನಾಳೆ ಅದೇ ತಪ್ಪು ಹೊಸ ಅಂಗಿ ಹಾಕಿಕೊಂಡು ಬರುತ್ತದೆ ಎಂದು ಹೇಳುತ್ತಿದ್ದರು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಬಹಳ ಸಿಟ್ಟು ಬಂದರೆ ಎರಡು ಸಲ ಒರೆಸುತ್ತಿದ್ದರು.

ಬೇಯಿಸಿದ ಕಡಲೆಕಾಯಿ ಎಂದರೆ ಪ್ರಾಣ. ಸಿಪ್ಪೆಗಳನ್ನು ಎದುರಿಗೆ ಸಾಲಾಗಿ ಜೋಡಿಸುತ್ತ ತಿನ್ನುತ್ತಿದ್ದರು, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ.

ನನಗೆ ತೆಲುಗು ಅಕ್ಷರ ಕಲಿಸಿದವರು ಅವರೇ. ನನ್ನ ತವರು ಗಡಿಯ ಆಚೆ, ಪಾವಗಡದ ಕಡೆ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದ್ದೆ. ಮದುವೆಯಾಗಿ ಕಲ್ಯಾಣದುರ್ಗದ ಕಡೆಗೆ ಬಂದ ಮೇಲೆ ಮಾತಿಗೇನೂ ತೊಂದರೆಯಾಗಲಿಲ್ಲ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಆದರೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಒಂದು ದಿನ ಅದನ್ನು ಹೇಳಿಕೊಂಡು ಅತ್ತುಬಿಟ್ಟೆ. ಟೀಚರಮ್ಮ ನನ್ನ ಕನ್ನಡ ಪುಸ್ತಕದ ಪಕ್ಕ ತೆಲುಗು ವಾಚಕ ಇಟ್ಟು ತೋರಿಸಿದರು. "ಒಂದೇ ತಾಯಿ ಮಕ್ಳು ಕಣಮ್ಮ ಇವು. ಜುಟ್ಟು ಬ್ಯಾರೆ ಥರ ಕಟ್ಕಂಡವೆ, ಅಷ್ಟೇಯ." ಹದಿನೈದು ದಿನದಲ್ಲಿ ಓದತೊಡಗಿದೆ. ಇದನ್ನು ನಾನು ದೇವರ ಉಪಕಾರಗಳಲ್ಲಿ ಸೇರಿಸಿದಾಗ ಟೀಚರಮ್ಮ, ಅದು ದೇವರದ್ದಲ್ಲ, ಹದಿನೈದು ದಿನ ನನ್ನ ಗಂಟಲು ಹರಿದದ್ದು, ಎಂದು ನಕ್ಕಿದ್ದರು. ಅವರು ದೇವರಿಗೆ ಕೈಮುಗಿಯುತ್ತಿದ್ದರು, ಆದರೆ ದೂರದಿಂದ. ಯಾಕೆ ಒಳಗೆ ಬರುವುದಿಲ್ಲ ಎಂದು ಮೊದಮೊದಲು ನಾನು ಯೋಚಿಸಲೇ ಇಲ್ಲ.

ಮುಂದೆ ನಾವು ಹಿಂದೂಪುರಕ್ಕೆ ಬಂದಾಗ ಅವರು ಅಲ್ಲಿ ಆಗಲೇ ಒಂದು ಪುಟ್ಟ ಮನೆ ಮಾಡಿಕೊಂಡಿದ್ದರು. ಅಲ್ಲಿಯೂ ಚುನಾವಣೆ ಬಂದರೆ ಹೆಂಗಸರ ಬೂತಿಗೆ ಅವರನ್ನೇ ಹಾಕುತ್ತಿದ್ದರು. ಕಾರಣ ಇತ್ತು. ಪಟ್ಟಿಯಲ್ಲಿ ಹೆಂಗಸಿನ ಹೆಸರಿನ ಮುಂದೆ ಗಂಡನ ಹೆಸರು ಇರುತ್ತದೆ. ಗಂಡನ ಹೆಸರು ಹೇಳಮ್ಮ ಎಂದರೆ ನೇಯ್ಗೆಯವರ ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಿಲ್ಲುತ್ತಿದ್ದರು. ಗಂಡಸು ಅಧಿಕಾರಿಗಳು ರೇಗುತ್ತಿದ್ದರು. ಟೀಚರಮ್ಮ ರೇಗುತ್ತಿರಲಿಲ್ಲ. ಪಟ್ಟಿಯಿಂದ ಮೂರು ನಾಲ್ಕು ಗಂಡಸರ ಹೆಸರು ನಿಧಾನವಾಗಿ ಓದುತ್ತಿದ್ದರು. ಸರಿಯಾದ ಹೆಸರು ಬಂದಾಗ ಹೆಂಗಸಿನ ತಲೆ ತಾನಾಗಿ ತಗ್ಗುತ್ತಿತ್ತು. ಒಂದು ಸಲ ಒಬ್ಬಾಕೆ ಎರಡು ಹೆಸರಿಗೂ ತಲೆ ತಗ್ಗಿಸಿಬಿಟ್ಟಳಂತೆ. ಎರಡನೆಯದು ಮೈದುನನದು, ಅದಕ್ಕೂ ಮರ್ಯಾದೆ. ಅದನ್ನು ಹೇಳಿಕೊಂಡು ಟೀಚರಮ್ಮ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಆದರೆ ಅವರನ್ನು ನೆನೆದಾಗ ನನ್ನ ಮನಸ್ಸು ಹಿಂದೂಪುರದಲ್ಲಿ ನಿಲ್ಲುವುದಿಲ್ಲ. ಹಳ್ಳಿಯ ಮನೆಯ ಮುಂದಿನ ಕೋಣೆಗೇ ಹೋಗುತ್ತದೆ.

ನಾನು ಸೊಸೆಯಾಗಿ ಹೋದಾಗ ಅವರು ಆ ಕೋಣೆಯಲ್ಲಿದ್ದರು. ಮಾವ ಇರಲಿಲ್ಲ, ಮನೆ ಅತ್ತೆಯ ಕೈಯಲ್ಲಿತ್ತು, ಊರಿನ ಅರ್ಧವೂ ಅವರ ಕೈಯಲ್ಲೇ ಇತ್ತು ಎನ್ನಬೇಕು. ಟೀಚರಮ್ಮ ಮೊದಲ ದಿನ ಒಂದು ಟ್ರಂಕು ಹಿಡಿದುಕೊಂಡು ಬಂದು ಕೋಣೆ ಕೇಳಿದಾಗ ಅತ್ತೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದ್ದರಂತೆ, ಯಾವ ಊರು, ಯಾರ ಪೈಕಿ ಎಂದು. ಊರು ಗೋರಂಟ್ಲದ ಹತ್ತಿರ ಎಂದು ಹೇಳಿ, "ಪೈಕಿ ಅಂದ್ರೆ, ನಾನು ಇಸ್ಕೂಲ್ ಪೈಕಿ ಅಮ್ಮ," ಎಂದರಂತೆ. ಅತ್ತೆಗೆ ನಗು ಬಂತು. ನಗಿಸಿದವರಿಗೆ ಅತ್ತೆ ಇಲ್ಲ ಎನ್ನುತ್ತಿರಲಿಲ್ಲ. ಟೀಚರಮ್ಮ ಅಡುಗೆ ತಮ್ಮಷ್ಟಕ್ಕೆ ತಾವು ಮಾಡಿಕೊಳ್ಳುತ್ತಿದ್ದರು, ಹಿತ್ತಲಿನ ಬಾವಿಯಿಂದ ನಮ್ಮಂತೆಯೇ ನೀರು ಸೇದಿಕೊಳ್ಳುತ್ತಿದ್ದರು. ಹೀಗೆ ನಡೆಯಿತು.

ಒಂದು ಬೆಳಿಗ್ಗೆ ನಾನು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದೆ. ಬೀದಿಯ ತುದಿಯಲ್ಲಿ ವಯಸ್ಸಾದ ಒಬ್ಬ ಮನುಷ್ಯ ಬಂದು ನಿಂತ. ಹೆಗಲ ಮೇಲೆ ಗಂಟು. ಚಪ್ಪಲಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಬೀದಿಗೆ ಕಾಲಿಡಲಿಲ್ಲ. ಟೀಚರಮ್ಮ ಒಳಗಿನಿಂದ ಕಂಡವರೇ ಓಡಿದರು, ಅಪ್ಪಾ ಎಂದು ಕರೆದದ್ದು ನನಗೆ ಕೇಳಿಸಿತು. ಕೈ ಹಿಡಿದು ಎಳೆದರು, ಆತ ಬರಲಿಲ್ಲ. ಕೊನೆಗೆ ಇಬ್ಬರೂ ಊರಾಚೆಯ ಮೋರಿಯ ಕಟ್ಟೆಯ ಮೇಲೆ ಕೂತು ಮುದ್ದೆ ಉಂಡರು. ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುವವರು ಯಾರು ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಿಂತಿರುಗಿ ಬಂದವರು ರಂಗೋಲಿಯ ಆಚೆ ನಿಂತರು.

"ನೋಡ್ದ್ಯಾ?"

"ನೋಡ್ದೆ."

"ಹೇಳ್ತೀಯಾ?"

ರಂಗೋಲಿ ಬಟ್ಟಲನ್ನು ಕೆಳಗಿಟ್ಟೆ. ದೇವರ ಮನೆಯ ಕೆಲಸ ನನ್ನದು. ಅದೇ ಬಾವಿಯ ನೀರಿನಿಂದ ನಾನು ದೇವರಿಗೆ ಅಭಿಷೇಕ ಮಾಡುತ್ತಿದ್ದೆ. ಹೇಳದಿದ್ದರೆ ಪಾಪವೋ, ಹೇಳಿದರೆ ಪಾಪವೋ ತಿಳಿಯಲಿಲ್ಲ. "ಕೇಳುದ್ರೆ ಹೇಳ್ತೀನಿ ಟೀಚರಮ್ಮ. ಯಾರೂ ಕೇಳಿಲ್ಲ," ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಅಂದು ಅದು ಸಿಟ್ಟಿಗಲ್ಲ. ಆಮೇಲೆ ಒಂದು ದಿನ ತಾವಾಗಿಯೇ ಹೇಳಿದರು: ಹಿಂದೆ ಕೆಲಸ ಮಾಡಿದ ಊರುಗಳಲ್ಲಿ ನಿಜ ಹೇಳಿದ್ದಕ್ಕೆ ಒಂದು ಕಡೆ ದನದ ಕೊಟ್ಟಿಗೆಯ ಪಕ್ಕ, ಇನ್ನೊಂದು ಕಡೆ ಶಾಲೆಯ ಜಗಲಿಯ ಮೇಲೆಯೇ ಮಲಗಬೇಕಾಯಿತಂತೆ. ಒಂಟಿ ಹೆಂಗಸು. ಬೀಗ ಹಾಕುವ ಬಾಗಿಲಿರುವ ಕೋಣೆ ಅವರಿಗೆ ಸಿಕ್ಕಿದ್ದು ನಮ್ಮ ಮನೆಯಲ್ಲೇ ಮೊದಲು. ಅದು ಹೋದರೆ ಊರಿನಲ್ಲಿ ಇನ್ನೊಂದು ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಂಧ್ರ ಬೇರೆ ರಾಜ್ಯವಾದ ಮೇಲಿನ ಮೊದಲ ಚುನಾವಣೆ ಬಂದದ್ದು ಆಗ. ನಮ್ಮ ಹಳ್ಳಿ ಸೇರಿದ್ದ ಕ್ಷೇತ್ರದಿಂದ ಅಸೆಂಬ್ಲಿಗೆ ಹೋಗಬೇಕಾದವರು ಒಬ್ಬರಲ್ಲ, ಇಬ್ಬರು. ಎರಡರಲ್ಲಿ ಒಂದು ಸ್ಥಾನ ಹರಿಜನರಿಗೆ ಮೀಸಲು. ಆದ್ದರಿಂದ ಓಟು ಹಾಕುವ ಪ್ರತಿಯೊಬ್ಬರಿಗೂ ಎರಡು ಚೀಟಿ. ಈಗಿನಂತೆ ಮುದ್ರೆ ಒತ್ತುವುದಿರಲಿಲ್ಲ. ಮರೆಯ ಹಿಂದೆ, ಚುನಾವಣೆಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಗುರುತಿನ ಚಿತ್ರ. ಎರಡು ಚೀಟಿಯನ್ನು ಎರಡು ಬೇರೆ ಪೆಟ್ಟಿಗೆಗಳಿಗೆ ಹಾಕಬೇಕು. ಇಬ್ಬರನ್ನೂ ಎಲ್ಲರೂ ಸೇರಿಯೇ ಆರಿಸಬೇಕು.

ಟೀಚರಮ್ಮನಿಗೆ ಹೆಂಗಸರ ಬೂತಿನಲ್ಲಿ ಬೆರಳಿಗೆ ಮಸಿ ಹಚ್ಚುವ ಕೆಲಸ ಬಂತು. ಅವರು ಅಷ್ಟಕ್ಕೇ ಸುಮ್ಮನಿರಲಿಲ್ಲ. ನಮ್ಮ ಅಂಗಳದಲ್ಲಿ ಅಡುಗೆಮನೆಯ ಐದು ಡಬ್ಬಗಳನ್ನು ಸಾಲಾಗಿಟ್ಟು, ಹೂವು, ಬಂಡಿ ಎಂದು ಒಂದೊಂದರ ಮೇಲೆ ಒಂದೊಂದು ಚಿತ್ರ ಬರೆದು, ಒಬ್ಬೊಬ್ಬರ ಕೈಗೂ ಎರಡೆರಡು ಹುಣಸೆಬೀಜ ಕೊಟ್ಟು, ಹೋಗಿ ಹಾಕಿ ಬನ್ನಿ ಎಂದು ಊರಿನ ಹೆಂಗಸರಿಗೆಲ್ಲ ಅಭ್ಯಾಸ ಮಾಡಿಸಿದರು. ಯಾವ ಡಬ್ಬಕ್ಕೆ ಹಾಕಿದೆ ಎಂದು ಯಾರಾದರೂ ಹೇಳಲು ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹೆಂಗಸರು ಒಂದೂ ತಪ್ಪದೆ ಹಾಕಿದರು. ಟೀಚರಮ್ಮ ಸಂತೋಷಪಟ್ಟು, ಮಾರನೆಯ ದಿನ ಪೆಟ್ಟಿಗೆ ತರಲು ಕಲ್ಯಾಣದುರ್ಗಕ್ಕೆ ಹೋದರು.

ಅವರು ಅತ್ತ ಹೋದ ಮೇಲೆ ನಮ್ಮ ಜಗಲಿಯ ಮೇಲೆ ಇನ್ನೊಂದು ತೀರ್ಮಾನವಾಯಿತು. ಅದನ್ನು ಹೇಳಬೇಕಾದರೆ ಕಣದ ವಿಷಯ ಹೇಳಬೇಕು. ನಮ್ಮಲ್ಲಿ ಕಣದಲ್ಲಿ ರಾಶಿ ಅಳೆಯುವಾಗ ಮನೆಯದು ಮನೆಗೆ ಬರುವ ಮೊದಲು, ಕೆಲಸ ಮಾಡಿದವರ ಪಾಲನ್ನು ಬೇರೆ ತೆಗೆದಿಟ್ಟು ಅವರ ಸೆರಗಿಗೆ ಹಾಕುವುದು ಪದ್ಧತಿ. ಅತ್ತೆ ಅದರಲ್ಲಿ ಎಂದೂ ತಪ್ಪಿದವರಲ್ಲ. ಅವರ ಪಾಲು ಮನೆಯೊಳಕ್ಕೆ ಬಂದರೆ ಮನೆಗೆ ಒಳ್ಳೆಯದಲ್ಲ ಎನ್ನುತ್ತಿದ್ದರು. ಆ ಲೆಕ್ಕದಲ್ಲೇ ಅವರು ಚುನಾವಣೆಯನ್ನೂ ಅರ್ಥಮಾಡಿಕೊಂಡಿದ್ದರು. ಇಬ್ಬರು ಮೆಂಬರು, ಒಬ್ಬ ನಮ್ಮವನು, ಒಬ್ಬ ಅವರವನು. ಎರಡು ಚೀಟಿ, ಒಂದು ನಮ್ಮದು, ಒಂದು ಅವರ ಪಾಲು. ನಮ್ಮದನ್ನು ಪೆಟ್ಟಿಗೆಗೆ ಹಾಕುವುದು, ಎರಡನೆಯದನ್ನು ಹೊರಗೆ ತಂದು ಅವರ ಕೈಗೆ ಕೊಡುವುದು, ಅವರೇ ತಮ್ಮವನ ಪೆಟ್ಟಿಗೆಗೆ ಹಾಕಿಕೊಳ್ಳಲಿ. ಕೂತಿದ್ದ ಹೆಂಗಸರೆಲ್ಲ ಒಪ್ಪಿದರು. ನನಗೂ ಅದು ನ್ಯಾಯವಾಗಿಯೇ ಕಂಡಿತು. ಇದನ್ನು ಮುಚ್ಚಿಡುವುದಿಲ್ಲ.

ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಮಾರಕ್ಕ ಅಂಗಳದ ಆಚೆ ಹುಣಸೆಹಣ್ಣು ಕುಟ್ಟುತ್ತಿದ್ದಳು. ಅತ್ತೆ ಅವಳನ್ನು ಕರೆದು, ನಾಳೆ ಬೇವಿನ ಮರದ ಕೆಳಗೆ ನಿಂತಿರು, ನನ್ನ ಎರಡನೇ ಚೀಟಿ ನಿನಗೆ, ಎಂದರು. ಮಾರಕ್ಕ ಕುಟ್ಟುವುದನ್ನು ನಿಲ್ಲಿಸಿ ಯೋಚಿಸಿದಳು.

"ನಂಗೂ ಎಲ್ಡು ಕೊಡ್ತಾರಂತಲ್ಲಮ್ಮ. ಹಂಗಾದ್ರೆ ನಂದೊಂದು ನಿಮ್ಗೆ ತಂದುಕೊಡ್ಬೇಕಾ?"

 ಸುಮ್ಮನೆ ಕುಟ್ಟೇ ಎಂದು ಅತ್ತೆ ಗದರಿದರು.

ಓಟಿನ ದಿನ ಶಾಲೆಯ ಮುಂದೆ ಹೆಂಗಸರ ಸಾಲು. ಮೊದಲು ಅತ್ತೆ, ಅವರ ಹಿಂದೆ ನಾನು. ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಹೂವು ಮುಡಿದು ಬಂದಿದ್ದೆವು. ಮಾರಕ್ಕ ಮತ್ತು ಅವಳ ಕೇರಿಯ ಹೆಂಗಸರು ಬೇವಿನ ಮರದ ಕೆಳಗೆ ಬೇರೆ ನಿಂತಿದ್ದರು, ನಮ್ಮದಾದ ಮೇಲೆ ಅವರದು ಎಂದು. ಒಳಗೆ ಮೇಜಿನ ಹಿಂದೆ ಕಲ್ಯಾಣದುರ್ಗದಿಂದ ಬಂದ ದೊಡ್ಡ ಅಧಿಕಾರಿ, ಪಕ್ಕದಲ್ಲಿ ಮಸಿಬುಡ್ಡಿ ಇಟ್ಟುಕೊಂಡು ಟೀಚರಮ್ಮ, ಬಾಗಿಲಲ್ಲಿ ಒಬ್ಬ ಪೊಲೀಸ್.

ಅತ್ತೆ ಮಸಿ ಹಚ್ಚಿಸಿಕೊಂಡು, ಎರಡು ಚೀಟಿ ಕಣ್ಣಿಗೊತ್ತಿಕೊಂಡು ಮರೆಯ ಹಿಂದೆ ಹೋದರು. ಹೊರಗೆ ಬಂದಾಗ ಎಡಗೈ ಮುಷ್ಟಿ ಕಟ್ಟಿತ್ತು. ನೇರ ಬಾಗಿಲಿನ ಕಡೆ ನಡೆದರು.

ಟೀಚರಮ್ಮ ಎದ್ದು ಅಡ್ಡ ನಿಂತರು. "ಅಮ್ಮ, ಇನ್ನೊಂದು?"

"ಇದು ಮಾರಕ್ಕಂದು. ಮರದ ಕೆಳಗವ್ಳೆ, ಕೊಟ್ಟು ಬತ್ತೀನಿ."

ಚೀಟಿ ಹೊರಗೆ ಹೋದರೆ ಕೇಸಾಗುತ್ತದೆ, ಕೈಯಲ್ಲಿ ಹಿಡಿದವರನ್ನು ಪೊಲೀಸ್ ಅಲ್ಲೇ ನಿಲ್ಲಿಸಿಕೊಳ್ಳುತ್ತಾನೆ ಎಂದು ಟೀಚರಮ್ಮ ಮೆಲ್ಲಗೆ ತಿಳಿಸಿದರು. ಬೇಡವಾದರೆ ಹಾಕಬೇಡಿ, ಇಲ್ಲೇ ವಾಪಸು ಕೊಡಿ, ಹೊರಗೆ ಮಾತ್ರ ತೆಗೆದುಕೊಂಡು ಹೋಗುವ ಹಾಗಿಲ್ಲ ಎಂದರು. ಅತ್ತೆಗೆ ಅದು ತಲೆಗೆ ಹೋಗಲಿಲ್ಲ. ಕೇಸು ಎಂದದ್ದಕ್ಕೆ ಅವರಿಗೆ ಅವಮಾನವಾಗಿತ್ತು. ಧ್ವನಿ ಏರಿತು. ಬೇರೆಯವರ ಪಾಲನ್ನು ನುಂಗಿದ ಮನೆತನ ನಮ್ಮದಲ್ಲ ಎಂದರು. ದೊಡ್ಡ ಅಧಿಕಾರಿ ತಲೆಯೆತ್ತಿ, ಏಮಿಟಮ್ಮಾ ಅಕ್ಕಡ, ಏನಮ್ಮ ಅಲ್ಲಿ, ಎಂದು ಕೇಳಿದ. ಪೊಲೀಸ್ ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದ. ಟೀಚರಮ್ಮ ಅವರಿಬ್ಬರಿಗೂ ತೆಲುಗಿನಲ್ಲಿ, ಏನಿಲ್ಲ ಸಾರ್, ಇವರದು ಇನ್ನೂ ಮುಗಿದಿಲ್ಲ, ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಇದು ಅವ್ರ ಪಾಲು ಅಂತೀರಾ ಅಮ್ಮ?"

"ಹೂಂ. ಅವ್ರದೇಯ. ಅವ್ರ ಕೈಗೇ ಹೋಗ್ಬೇಕು."

"ಹಂಗಾದ್ರೆ ನಂಗೇ ಕೊಡಿ. ನಾನೂ ಅವ್ರೇ."

 ಟೀಚರಮ್ಮ ಕೈ ಚಾಚಿರಲಿಲ್ಲ. ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು.

"ಆದ್ರೆ ನೀವು ಕೊಟ್ರೂ ನಾನು ಮುಟ್ಟಂಗಿಲ್ಲ. ನಂಗೆ ನಂದೇ ಎಲ್ಡವೆ. ಇದು ನಿಮ್ದು ಅಮ್ಮ. ಇಬ್ರೂ ನಿಮ್ಗೆ ಮೆಂಬರೇ, ಇಬ್ರೂ ನಂಗೂ ಮೆಂಬರೇ."

ಅತ್ತೆ ಅವರನ್ನು ನೋಡಿದರು.  ಅವರ ಹಿಂದೆ ನಿಂತಿದ್ದ ನಾನು ಮನಸ್ಸಿನಲ್ಲೇ ಆಂಜನೇಯನನ್ನು ಕರೆಯುತ್ತಿದ್ದೆ, ಏನು ಬೇಡಬೇಕೆಂದು ತಿಳಿಯದೆ ಬರೀ ಹೆಸರು ಹಿಡಿದು ಕರೆಯುತ್ತಿದ್ದೆ. ಅತ್ತೆ ತಿರುಗಿ ಮರೆಯ ಹಿಂದಕ್ಕೆ ಹೋದರು. ಬಂದಾಗ ಎರಡೂ ಅಂಗೈ ಬಿಚ್ಚಿದ್ದವು. ಯಾರನ್ನೂ ನೋಡದೆ ಹೊರಟುಹೋದರು.

ಮುಂದಿನ ಸರದಿ ನನ್ನದು. ಟೀಚರಮ್ಮ ಬಾಗಿಲ ಕಡೆಯೇ ನೋಡುತ್ತ ಮಸಿ ಹಚ್ಚಿ ನನ್ನ ಬೆರಳಿನ ಅರ್ಧ ಕಪ್ಪಾಯಿತು. ಎರಡು ಚೀಟಿಯನ್ನೂ ನಾನು ಪೆಟ್ಟಿಗೆಗೆ ಹಾಕಿದೆ. ಯಾವ ಪೆಟ್ಟಿಗೆ ಎಂದು ಹೇಳುವುದಿಲ್ಲ. ಹೇಳಬಾರದೆಂದು ಕಲಿಸಿದವರು ಅವರೇ. ನನ್ನ ಹಿಂದೆ ಬಂದ ಹೆಂಗಸರೂ ಬರಿಗೈಯಲ್ಲಿ ಹೊರಬಂದರು. ಎರಡನೆಯದನ್ನು ಎಷ್ಟು ಜನ ನಿಜವಾಗಿ ಹಾಕಿದರೋ, ಎಷ್ಟು ಜನ ಪೆಟ್ಟಿಗೆಯ ಮೇಲಿಟ್ಟು ಬಂದರೋ, ದೇವರಿಗೆ ಗೊತ್ತು.

ಸಂಜೆ ಪೆಟ್ಟಿಗೆಗಳಿಗೆ ಅರಗು ಹಾಕಿ ಕಳಿಸಿ ಟೀಚರಮ್ಮ ಮನೆಗೆ ಬಂದರು. ಯಾರೂ ಏನೂ ಹೇಳುವ ಮೊದಲೇ ಕೋಣೆಯೊಳಗೆ ಹೋಗಿ ಹಾಸಿಗೆ ಸುತ್ತಿ, ಟ್ರಂಕನ್ನು ಹೊಸ್ತಿಲ ಹತ್ತಿರ ತಂದಿಟ್ಟರು. ಜಗಲಿಯ ಮೇಲೆ ಅತ್ತೆ ಕೂತಿದ್ದರು. ನಮ್ಮ ಚಿಕ್ಕಮಾವ, ಅತ್ತೆಯ ಮೈದುನ, ಅಷ್ಟರಲ್ಲಿ ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ನಿಂತಿದ್ದರು. ಸಾಮಾನು ಈಗಲೇ ಆಚೆಗೆ ಹಾಕಿಸಬೇಕು, ಬಾವಿ ಶುದ್ಧ ಮಾಡಿಸಬೇಕು ಎಂದು ಅವರ ಮಾತು.

ಅತ್ತೆ ಟೀಚರಮ್ಮನನ್ನು ಕೇಳಿದ್ದು ಒಂದೇ. ಇಷ್ಟು ದಿನ ನನ್ನ ಮನೆಯಲ್ಲಿದ್ದು ಯಾಕೆ ಹೇಳಲಿಲ್ಲ ಎಂದು. ಟೀಚರಮ್ಮ ತಲೆ ತಗ್ಗಿಸಲಿಲ್ಲ. ಹೇಳಿದ್ದರೆ ಬಾಗಿಲು ತೆಗೆಯುತ್ತಿದ್ದಿರಾ ಅಮ್ಮ, ಎಂದರು. ಅತ್ತೆ ನನ್ನ ಕಡೆ ತಿರುಗಿದರು.

"ನಿಂಗ್ ಗೊತ್ತಿತ್ತಾ?"

ಕೇಳಿದರೆ ಹೇಳುತ್ತೇನೆ ಎಂದಿದ್ದೆನಲ್ಲ, ಈಗ ಕೇಳಿದ್ದರು. ಗೊತ್ತಿತ್ತು ಎಂದೆ. ತವರಿಗೆ ಕಳಿಸಿದರೆ ಕಳಿಸಲಿ ಎಂದುಕೊಂಡೆ. ಅತ್ತೆ ನನ್ನ ಕಪ್ಪಾದ ಬೆರಳನ್ನು ನೋಡಿದರು, ತಮ್ಮದನ್ನೂ ನೋಡಿಕೊಂಡರು. ಆಮೇಲೆ ಟೀಚರಮ್ಮನನ್ನು ಕೇಳಿದರು, ಪರೀಕ್ಷೆ ಯಾವಾಗ ಎಂದು. ಏಪ್ರಿಲ್ ತಿಂಗಳಲ್ಲಿ ಎಂದು ಅವರ ಉತ್ತರ ಬಂತು.

"ಪರೀಕ್ಷೆ ಮುಗಿಯೋಗಂಟ ಇರ್ಲಿ. ಆಮ್ಯಾಕೆ ನೋಡಾನ."

ಚಿಕ್ಕಮಾವ ಬಾಯಿಬಿಟ್ಟರು. ಅತ್ತೆ ಅವರನ್ನು ಅಲ್ಲೇ ತಡೆದರು. "ನಿನ್ ಮಗ ಮೂರು ವರ್ಷದಿಂದ ಅದೇ ಕ್ಲಾಸ್ನಾಗೆ ಕುಂತವ್ನೆ. ಈಯಮ್ಮನ್ನ ಆಚೆಗಾಕಿದ್ರೆ ನೀನ್ ಹೇಳ್ಕೊಡ್ತೀಯೇನಪ್ಪ ಪಾಠ?" ಹಿಂದೆ ನಿಂತವರಲ್ಲಿ ಯಾರೋ ಕೆಮ್ಮಿ ನಗು ನುಂಗಿದರು. ಚಿಕ್ಕಮಾವ ಹೆಗಲ ಟವಲು ಕೊಡವಿಕೊಂಡು ಹೋದರು.

ಅತ್ತೆ ದೊಡ್ಡ ಮನಸ್ಸಿನವರಾಗಿಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೆಯ ದಿನ ಅಂಗಳವನ್ನೆಲ್ಲ ಸಗಣಿ ಹಾಕಿ ಸಾರಿಸಿದರು. ಮುಂದಿನ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಟೀಚರಮ್ಮನೂ, ಯಾರೂ ಹೇಳುವ ಮೊದಲೇ, ಬಾವಿಗೆ ಬರುವುದನ್ನು ನಿಲ್ಲಿಸಿದರು. ಎರಡು ಕೊಡಗಳನ್ನು ಹಿತ್ತಲ ಮೆಟ್ಟಿಲ ಮೇಲಿಟ್ಟು, ನೀರು ಹಾಕಮ್ಮ ಎಂದು ನನ್ನನ್ನು ಕೇಳುತ್ತಿದ್ದರು. ಅಷ್ಟು ವರ್ಷ ತಾವೇ ಸೇದಿದ ಬಾವಿ. ಕೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ನೀವೇ ಸೇದಿಕೊಳ್ಳಿ ಬನ್ನಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಅವರ ಗುಟ್ಟು ಮುಚ್ಚಿಟ್ಟದ್ದಕ್ಕೆ ನಾನು ದೇವರ ಮುಂದೆ ಎಷ್ಟೋ ಸಲ ತಪ್ಪುಗಾಣಿಕೆ ಇಟ್ಟಿದ್ದೇನೆ. ಇಡಬೇಕಾಗಿದ್ದದ್ದು ಈ ನೀರಿನ ತಪ್ಪಿಗೆ ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ನನಗೆ ಜ್ವರ ಬಂದು ಮೂರು ದಿನ ಮಲಗಿದ್ದಾಗ, ಟೀಚರಮ್ಮ ನೀರಿಗೆ ಏನು ಮಾಡಿದರೋ ಎಂದು ಚಿಂತೆಯಾಯಿತು. ಎದ್ದು ಹೋಗಿ ನೋಡಿದರೆ ಕೊಡ ಎರಡೂ ತುಂಬಿದ್ದವು. ಮನೆಯಲ್ಲಿ ನನ್ನನ್ನೂ ಅತ್ತೆಯನ್ನೂ ಬಿಟ್ಟರೆ ಬೇರೆ ಹೆಂಗಸರಿರಲಿಲ್ಲ. 

ಏಪ್ರಿಲ್ ಬಂತು, ಪರೀಕ್ಷೆ ಮುಗಿಯಿತು. ಟೀಚರಮ್ಮ ಮತ್ತೆ ಟ್ರಂಕು ಕಟ್ಟಿ, ರಜೆಗೆ ಗೋರಂಟ್ಲದ ಕಡೆ ಹೊರಟರು. ತಿರುಗಿ ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಶಾಲೆ ತೆರೆದ ದಿನ ಬಸ್ಸಿಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ನಮ್ಮ ಬಾಗಿಲ ಮುಂದೆ ಬಂದು ನಿಂತರು. ಅತ್ತೆ ಕಡಲೆಬೀಜ ಆರಿಸುತ್ತಿದ್ದರು. ತಲೆಯೆತ್ತದೆ ಕೇಳಿದರು, ಈ ವರ್ಷ ಪರೀಕ್ಷೆ ಯಾವಾಗ ಎಂದು. ಏಪ್ರಿಲ್ ತಿಂಗಳಲ್ಲೇ ಎಂದರು ಟೀಚರಮ್ಮ. ಸರಿ, ಅಲ್ಲಿಗಂಟ ಇರಿ, ಎಂದರು ಅತ್ತೆ. ಮುಂದಿನ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಅದರ ಮುಂದಿನ ವರ್ಷವೂ. ಚಿಕ್ಕಮಾವನ ಮಗ ಅಷ್ಟರಲ್ಲಿ ಪಾಸಾಗಿ ಕಲ್ಯಾಣದುರ್ಗದ ಹೈಸ್ಕೂಲಿಗೆ ಹೋಗಿದ್ದ.

ಹಿಂದೂಪುರಕ್ಕೆ ವರ್ಗದ ಆರ್ಡರು ಬಂದದ್ದು ವರ್ಷದ ನಡುವೆ, ಜನವರಿಯಲ್ಲಿ. ಟೀಚರಮ್ಮ ಹೊರಡುವ ಬೆಳಿಗ್ಗೆ ಅತ್ತೆ ಜಗಲಿಯಿಂದ ಇಳಿಯಲಿಲ್ಲ. ನನ್ನ ಯಜಮಾನರು ಟ್ರಂಕನ್ನು ಬಂಡಿಯ ಮೇಲಿಟ್ಟರು. ಟೀಚರಮ್ಮ ಅಂಗಳದಲ್ಲಿ ನಿಂತು ಕೈಮುಗಿದರು. ಪರೀಕ್ಷೆ ಆಗುವ ಮೊದಲೇ ಹೋಗುತ್ತೀರಲ್ಲ, ಮಕ್ಕಳ ಗತಿಯೇನು ಎಂದು ಅತ್ತೆ ಸ್ವಲ್ಪ ಗಡುಸಾಗಿಯೇ ಕೇಳಿದರು. ಬೇರೆ ಮೇಷ್ಟ್ರು ಬರುತ್ತಾರಮ್ಮ ಎಂದರು ಟೀಚರಮ್ಮ. ಬಂಡಿ ಬೀದಿಯ ತುದಿ ತಿರುಗುವವರೆಗೆ ಅತ್ತೆ ಅತ್ತಲೇ ನೋಡುತ್ತಿದ್ದರು.

ಹೊಸ ಮೇಷ್ಟ್ರು ಅದೇ ವಾರ ಬಂದರು. ಒಳ್ಳೆಯ ಮನುಷ್ಯ. ಹಣೆಗೆ ವಿಭೂತಿ, ಕೈಯಲ್ಲಿ ಪಂಚಾಂಗ. ತಮ್ಮ ಊರು, ತಮ್ಮವರು ಯಾರು, ಎಲ್ಲವನ್ನೂ ಕೇಳುವ ಮೊದಲೇ ಹೇಳಿಕೊಂಡರು. ಮುಂದಿನ ಕೋಣೆ ಬಾಡಿಗೆಗೆ ಸಿಗುವುದೇ ಎಂದು ಕೇಳಿದರು. ಅದರ ಬಾಗಿಲು ಹಾರುಹೊಡೆದಿತ್ತು, ಒಳಗೆ ಗುಡಿಸಿದ ನೆಲ ಬಿಟ್ಟರೆ ಏನೂ ಇರಲಿಲ್ಲ.

ಖಾಲಿ ಇಲ್ಲ ಎಂದರು ಅತ್ತೆ.